ಎರಡನೇ ದಿನ ಹೋಗುವುದಕ್ಕೆ

ಪುತಾ,

ಮೊನ್ನೆ ಆದಿತ್ಯವಾರ ನೀನು ಪೂಜೆಗೆ ಬರಲಿಲ್ಲ. ಅದರ ಹಿಂದಿನ ವಾರವೂ ಇಲ್ಲ. ನಿನ್ನ ಅಮ್ಮ ನನ್ನ ಹತ್ತಿರ ಹೇಳಿಕೊಂಡು ಬೇಜಾರು ಮಾಡಿಕೊಂಡಳು. ಕಂಡಾಗ ನಿನ್ನನ್ನೇ ಕೇಳಿದೆ. ನೀನು ಮುಚ್ಚುಮರೆ ಮಾಡದೆ ಹೇಳಿದೆ: "ಮಾವ್ಶಿ, ವಾರವಿಡೀ ತಿರುಗಿದ್ದೇನೆ. ರಕ್ತ ಕೊಟ್ಟೆವು, ಕಟ್ಟಡ ಕೆಲಸದವರ ಶೆಡ್ಡಿನ ಮಕ್ಕಳಿಗೆ ಪುಸ್ತಕ ಕೊಟ್ಟೆವು. ಅದೇ ನನ್ನ ಪ್ರಾರ್ಥನೆ. ಮೊಣಕಾಲೂರಿ ಕೂತರೆ ಯಾರ ಹೊಟ್ಟೆ ತುಂಬುತ್ತದೆ?"

ಆಗ ನಾನು ಸುಮ್ಮನಾದೆ. ನಿನ್ನ ಮಾತಿನಲ್ಲಿ ಅರ್ಧ ನಿಜವಿತ್ತು, ಆ ಅರ್ಧ ನನಗೇ ಚುಚ್ಚಿತು. ಉಳಿದ ಅರ್ಧದ ವಿಷಯ ಇವತ್ತು ಹೇಳುತ್ತೇನೆ, ಕೂತು ಕೇಳು.

ಮೊದಲು ನನ್ನದೇ ತಪ್ಪು. ಟೀಚರ್ ಆಗಿದ್ದ ಮೂವತ್ತು ವರ್ಷವೂ ನಾನು ಸಂಜೆಯ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ತಪ್ಪಿಸಿದವಳಲ್ಲ. ಕರೆಂಟು ಹೋದರೆ ಮೇಣದ ಬತ್ತಿ, ಜ್ವರ ಬಂದರೆ ಮಲಗಿಕೊಂಡೇ. ನಮ್ಮ ಬೇಲಿಯಾಚೆ ಒಬ್ಬ ಹೆಂಗಸು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ಸೊಸೆ ಗೋಡಂಬಿ ಕಾರ್ಖಾನೆಗೆ ಹೋದರೆ ಬರುವುದು ಕತ್ತಲಾದ ಮೇಲೆ. ನಾನು ಜಪಸರ ಹಿಡಿದು ಕೂತಿರುವಾಗ ಅವಳು ನೀರಿಗಾಗಿ ಕೂಗುವುದು ಕೇಳಿಸುತ್ತಿತ್ತು. ಪ್ರಾರ್ಥನೆಗೆ ಅಡ್ಡಿಯಾಯಿತೆಂದು ಕಿಟಕಿ ಮುಚ್ಚಿದವಳು ನಾನು. ಒಂದು ದಿನವಲ್ಲ, ಎಷ್ಟೋ ದಿನ. ಇದನ್ನು ಪಾಪನಿವೇದನೆಯಲ್ಲಿ ಹೇಳಿದ್ದೇನೆ, ನಿನಗೂ ಹೇಳುತ್ತಿದ್ದೇನೆ. ಕೈಕಾಲು ಅಲ್ಲಾಡದ ಪ್ರಾರ್ಥನೆಯ ಮೇಲೆ ನಿನಗೆ ಸಿಟ್ಟು ಬಂದರೆ ತಪ್ಪಲ್ಲ. ಬರಬೇಕು.

ಆದರೆ ನಾವು ಯಾರ ಮನೆಯ ಮಕ್ಕಳು ಅಂತ ಸ್ವಲ್ಪ ನೆನಪು ಮಾಡಿಕೋ. ಬ್ರಹ್ಮಾವರದ ನಮ್ಮ ಸಭೆಯ ಹುಟ್ಟಿನ ಕಥೆಯನ್ನು ನೀನು ಕೇಳಿರುವುದು ರೋಮ್ ಮತ್ತು ಪೋರ್ಚುಗಲ್‌ನ ಅಧಿಕಾರದ ಜಗಳದ ಕಥೆಯಾಗಿ. ಆ ಜಗಳ ನಡೆದದ್ದು ನಿಜ. 1889ರಲ್ಲಿ ಗೋವಾದ ಅಲ್ವಾರಿಸ್ ಮಾರ್ ಜೂಲಿಯೋಸ್ ಕೇರಳದ ಮಲಂಕರ ಆರ್ಥೊಡಾಕ್ಸ್ ಸಭೆಯಲ್ಲಿ ಬಿಷಪರಾಗಿ ಅಭಿಷೇಕಗೊಂಡರು, ನಮ್ಮ ಹಿರಿಯರು ಅವರ ಜೊತೆ ನಿಂತರು. ಪೂಜೆಯ ಕ್ರಮ ಮಾತ್ರ ಹಳೆಯ ಲ್ಯಾಟಿನ್ ಕ್ರಮವೇ ಉಳಿಯಿತು, ಭಾಷೆ ಕೊಂಕಣಿ. ಅಷ್ಟು ಸಾಕು. ನಾನು ನಿನಗೆ ಹೇಳಬೇಕಾದದ್ದು ಆ ಅಲ್ವಾರಿಸ್ ಬಿಷಪರು ಹೇಗೆ ಬದುಕಿದರು ಅನ್ನುವುದು.

ವೆರ್ಣಾದಲ್ಲಿ ಹುಟ್ಟಿದವರು, ಕಲಿತವರು, ಪತ್ರಿಕೆ ನಡೆಸಿದವರು. ಬೇಕಿದ್ದರೆ ಸುಖವಾಗಿ ಇರಬಹುದಿತ್ತು. ಪಣಜಿಯಲ್ಲಿ ಬಡವರಿಗೆ, ರೋಗಿಗಳಿಗೆ ಮನೆ ತೆರೆದರು. ಅದನ್ನು ನಡೆಸಲು ದುಡ್ಡಿಲ್ಲದಾಗ ಬಿಷಪರೇ ಬೀದಿಯಲ್ಲಿ ಕೈಯೊಡ್ಡಿ ಬೇಡಿದರು. ಕಾಲರಾ ಬಂದಾಗ ಅದಕ್ಕೆ ಏನು ಮಾಡಬೇಕು, ಹೇಗೆ ಆರೈಕೆ ಮಾಡಬೇಕು ಎಂದು ಪುಸ್ತಿಕೆ ಬರೆದು ಹಂಚಿದರು. ಅಕ್ಕಿ ಸಿಗದ ಕಾಲಕ್ಕೆ ಮರಗೆಣಸು ನೆಡಿ ಎಂದು ಜನರ ಬೆನ್ನುಬಿದ್ದರು. ಯೋಚನೆ ಮಾಡು, ಪುತಾ. ಪೂಜೆ ಮಾಡುವ ಬಿಷಪರು ಮರಗೆಣಸಿನ ಕೃಷಿಯ ಮೇಲೆ ಬರೆಯುತ್ತಾರೆ. ಹಸಿದವನ ಗದ್ದೆಯಲ್ಲಿ ಏನು ಬೆಳೆಯಬೇಕು ಎನ್ನುವುದೂ ಅವರಿಗೆ ದೇವರ ಕೆಲಸವೇ ಆಗಿತ್ತು. ಪೋರ್ಚುಗೀಸ್ ಸರಕಾರ ಅವರನ್ನು ಬಂಧಿಸಿತು, ಶಿಲುಬೆ, ಉಂಗುರ ಕಿತ್ತುಕೊಂಡಿತು. 1923ರ ಸೆಪ್ಟೆಂಬರ್ 23ರಂದು ರಾಯಬಂದರಿನ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಅವರ ಹಿಂದೆ ಆಸ್ತಿ ಅನ್ನುವಂಥದ್ದು ಇರಲಿಲ್ಲ. ಬಡವರು ಮಾತ್ರ ಹಿಂಡುಹಿಂಡಾಗಿ ಬಂದರಂತೆ.

ಇಲ್ಲಿ, ನಮ್ಮಲ್ಲಿ, ನೊರೊನ್ಹಾ ಫಾದರ್ ಇದ್ದರು. ರೋಕ್ ಝೆಫ್ರಿನ್ ನೊರೊನ್ಹಾ. 1936ರ ಜುಲೈ 23ರಂದು ಕಣ್ಣು ಮುಚ್ಚುವ ತನಕ ಈ ಜನರನ್ನು ಬಿಟ್ಟು ಹೋಗಲಿಲ್ಲ. ಕೈ ಬರಿದಾಗಿದ್ದರೂ ಅಕ್ಷರ ಮತ್ತು ಊಟ ಎರಡೂ ಬೇಕು ಎಂದು ಹಿಡಿದುಕೊಂಡವರು. ನಮ್ಮ ಸಭೆಯ ಎಸ್.ಎಂ.ಎಸ್. ಶಾಲೆಯ ಹೆಸರು ಸೈಂಟ್ ಮೇರೀಸ್ ಸಿರಿಯನ್ ಎನ್ನುವುದು ಅಲ್ಲಿ ಕಲಿತ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ. ಬಂಟರ ಮಕ್ಕಳು, ಬಿಲ್ಲವರ ಮಕ್ಕಳು, ಮೊಗವೀರರ ಮಕ್ಕಳು ಅಲ್ಲಿ ಕಲಿತು ದೊಡ್ಡವರಾದರು, ಅಷ್ಟು ಸಾಕು.

ಇದು ನಮ್ಮ ಸಭೆಯೊಂದರ ಹೆಮ್ಮೆಯಲ್ಲ. ಕಂಕನಾಡಿಯಲ್ಲಿ ಮುಲ್ಲರ್ ಫಾದರ್ 1880ರಲ್ಲಿ ಬಡವರಿಗೆ ಹೋಮಿಯೋಪತಿ ಮದ್ದು ಕೊಡಲು ಶುರು ಮಾಡಿದರು, ಹತ್ತು ವರ್ಷದಲ್ಲಿ ಕುಷ್ಠರೋಗಿಗಳಿಗೂ ಜಾಗ ಮಾಡಿದರು. ಉಡುಪಿಯ ಮಿಷನ್ ಆಸ್ಪತ್ರೆಯನ್ನು ಸ್ವಿಸ್ ವೈದ್ಯೆ ಈವಾ ಲೊಂಬಾರ್ಡ್ ಆರಂಭಿಸಿದ್ದು 1923ರಲ್ಲಿ, ನಮ್ಮ ಬಿಷಪರು ತೀರಿಕೊಂಡ ವರ್ಷವೇ. ಒಬ್ಬರು ಆರ್ಥೊಡಾಕ್ಸ್, ಒಬ್ಬರು ಕಥೋಲಿಕರು, ಒಬ್ಬರು ಪ್ರಾಟೆಸ್ಟೆಂಟರು. ಮೂವರಲ್ಲಿ ಒಬ್ಬರೂ ಕೆಲಸ ಜಾಸ್ತಿಯಾಯಿತೆಂದು ಪ್ರಾರ್ಥನೆ ಬಿಟ್ಟವರಲ್ಲ.

ಯಾಕೆ ಬಿಡಲಿಲ್ಲ? ಅದು ನನಗೆ ಅರ್ಥವಾದದ್ದು ಪುಸ್ತಕ ಓದಿ ಅಲ್ಲ. ಆ ಬೇಲಿಯಾಚೆಯ ಹೆಂಗಸಿನ ಕಾಲಬುಡದಲ್ಲಿ.

ನಿವೃತ್ತಿಯಾದ ವರ್ಷ ಮಳೆಗಾಲದಲ್ಲಿ ಕೊನೆಗೂ ಅವಳ ಮನೆಗೆ ಹೋದೆ. ಒಂದು ಪೌಂಡ್ ಬ್ರೆಡ್ಡು, ನಾಲ್ಕು ಮೂಸಂಬಿ. ಕೊಟ್ಟು, ಎರಡು ಮಾತಾಡಿ ಹೊರಡುವವಳಿದ್ದೆ. ಅವಳು ಚೀಲದ ಕಡೆ ನೋಡಲೂ ಇಲ್ಲ. "ಟೀಚರೇ, ನನ್ ಉಗ್ರ್ ಒಂಚೂರ್ ತೆಗ್ದ್ ಕೊಡ್ತ್ರಿಯಾ?" ಎಂದು ಕೇಳಿದಳು. ಹೊದಿಕೆ ಸರಿಸಿ ನೋಡಿದೆ. ಕಾಲಿನ ಉಗುರು ಹಳದಿಗಟ್ಟಿ, ದಪ್ಪವಾಗಿ, ಬಾಗಿ ಪಕ್ಕದ ಬೆರಳಿಗೆ ಒತ್ತಿ ಗಾಯ ಮಾಡಿತ್ತು. ನನ್ನ ನೇಲ್ ಕಟರ್ ಅದರ ಮೇಲೆ ಜಾರಿತು. ಬಿಸಿನೀರಿಗೆ ಉಪ್ಪು ಹಾಕಿ ಕಾಲು ನೆನೆಸಿ, ಬಟ್ಟೆಯಿಂದ ಒರೆಸಿ, ಸ್ವಲ್ಪ ಸ್ವಲ್ಪವೇ ಕತ್ತರಿಸಿದೆ. ಹತ್ತು ಬೆರಳಿಗೆ ಮುಕ್ಕಾಲು ಗಂಟೆ. ಹಾಸಿಗೆಯ ವಾಸನೆಗೆ ನನಗೆ ಹೊಟ್ಟೆ ತೊಳೆಸುತ್ತಿತ್ತು. ಕೊನೆಗೆ ಅವಳು ಎರಡು ಪಾದವನ್ನೂ ಒಂದಕ್ಕೊಂದು ಉಜ್ಜಿ ನೋಡಿದಳು, ಮಗು ಮಾಡುವ ಹಾಗೆ.

ಮೊದಲ ದಿನ ಯಾರು ಬೇಕಾದರೂ ಹೋಗುತ್ತಾರೆ, ಪುತಾ. ಅಯ್ಯೋ ಅನ್ನಿಸಿದರೆ ಸಾಕು, ಕಾಲು ತಾನೇ ಹೋಗುತ್ತದೆ. ಮರುದಿನ ಬೆಳಗ್ಗೆ ನನಗೆ ಹೋಗಲು ಮನಸ್ಸೇ ಇರಲಿಲ್ಲ. ಆ ವಾಸನೆ ಮೂಗಿನಲ್ಲೇ ಕೂತಿತ್ತು. ಗಾಯಕ್ಕೆ ಮದ್ದು ಹಚ್ಚುತ್ತೇನೆಂದು ಮಾತು ಕೊಟ್ಟಿದ್ದೆ. ಐದು ಗಂಟೆಗೆ ಎದ್ದು ಮನೆಯ ಅಲ್ತಾರಿನ ಮುಂದೆ ಕೂತೆ. ದೊಡ್ಡ ಮಾತೇನೂ ಹೊರಡಲಿಲ್ಲ. ನನಗೆ ಇಷ್ಟವಿಲ್ಲ, ನೀನೇ ಕರೆದುಕೊಂಡು ಹೋಗು ಎಂದೆ. ಅಷ್ಟೇ. ಏಳು ಗಂಟೆಗೆ ಬೇಲಿ ದಾಟಿದ್ದೆ. ಮೂರು ವರ್ಷ, ಅವಳು ತೀರಿಕೊಳ್ಳುವ ತನಕ, ಹೀಗೇ. ಇಷ್ಟವಿಲ್ಲ ಎನ್ನುವ ಬೆಳಗುಗಳು ಕಡಿಮೆಯಾಗಲೇ ಇಲ್ಲ. ಐದು ಗಂಟೆಯ ಆ ಕೂರುವಿಕೆ ಇಲ್ಲದಿದ್ದರೆ ನಾನು ಬಹುಶಃ ಒಂದು ವಾರವೂ ಹೋಗುತ್ತಿರಲಿಲ್ಲ.

ಈಗ ನಿನ್ನ ವಿಷಯ. ಕಳೆದ ಮಳೆಗಾಲ ಒಂದು ಕಡೆ ಅಕ್ಕಿ-ಬೇಳೆಯ ಕಿಟ್ ಹಂಚುವಾಗ ನಾನೂ ಇದ್ದೆ. ಕಿಟ್ಟಿನ ಒಂದು ತುದಿ ಹಂಚುವವರ ಕೈಯಲ್ಲಿ, ಇನ್ನೊಂದು ತುದಿ ಒಬ್ಬ ಹೆಂಗಸಿನ ಕೈಯಲ್ಲಿ. ಫೋಟೊ ತೆಗೆಯುವ ತನಕ ಯಾರೂ ಬಿಡಲಿಲ್ಲ. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಸೆರಗು ತೆಗೀರಿ ಎಂದರು. ನೀನು ಆ ಫೋಟೊದಲ್ಲಿ ಇರಲಿಲ್ಲ, ನನಗೆ ಗೊತ್ತು. ಆದರೆ ಸೇವೆ ಮಾಡಿ ಬಂದವರಿಗೆ ತಮ್ಮನ್ನು ಯಾರಾದರೂ ನೋಡಬೇಕು ಅನ್ನಿಸುತ್ತದೆ. ದೇವರೊಬ್ಬನೇ ನೋಡಿದರೆ ಸಾಕು ಎನ್ನುವ ಧೈರ್ಯ ಒಳಗಿಲ್ಲದಿದ್ದರೆ ಕ್ಯಾಮೆರಾ ಬೇಕಾಗುತ್ತದೆ. ಅದೂ ಸಿಗದಿದ್ದರೆ ಸಿಟ್ಟು ಬರುತ್ತದೆ: ನಾವೇ ಮಾಡಬೇಕಾ, ಉಳಿದವರು ಏನು ಮಾಡುತ್ತಿದ್ದಾರೆ ಅಂತ. ಆ ಸಿಟ್ಟು ಈಗಲೇ ನಿನ್ನ ಮಾತಿನಲ್ಲಿ ಕೇಳಿಸಿತು. ಅದಕ್ಕೇ ಇಷ್ಟು ಹೇಳುತ್ತಿರುವುದು.

ಲೂಕನ ಶುಭಸಂದೇಶದ 10ನೇ ಅಧ್ಯಾಯವನ್ನು ಒಮ್ಮೆ ಪೂರ್ತಿ ಓದು. ದಾರಿಯಲ್ಲಿ ಬಿದ್ದಿದ್ದವನ ಗಾಯ ಕಟ್ಟಿದ ಸಮಾರ್ಯದವನ ಕಥೆ ಅಲ್ಲಿದೆ, ನಿನಗೆ ಬಾಯಿಪಾಠ. ಪಕ್ಕಕ್ಕೆ ಸರಿದುಹೋದ ಯಾಜಕ ನಾನೇ, ಕಿಟಕಿ ಮುಚ್ಚಿದವಳು. ಆದರೆ ಆ ಕಥೆ ಮುಗಿದ ಮರುಕ್ಷಣವೇ ಏನು ಬರುತ್ತದೆ ನೋಡು. ಮಾರ್ತಾಳ ಮನೆ. ಕೆಲಸದಲ್ಲಿ ಮುಳುಗಿ, ತಂಗಿಯ ಮೇಲೆ ಸಿಡುಕುವ ಮಾರ್ತಾ. ಯೇಸುವಿನ ಕಾಲಬುಡದಲ್ಲಿ ಕೂತು ಕೇಳುವ ಮರಿಯಾ. ಒಂದೇ ಅಧ್ಯಾಯ, ಒಂದರ ಬೆನ್ನಿಗೆ ಒಂದು. ನಾವು ಮಾತ್ರ ಎರಡನ್ನೂ ಬೇರೆ ಬೇರೆ ಆದಿತ್ಯವಾರ ಓದಿ, ನಮಗೆ ಬೇಕಾದದ್ದನ್ನು ಇಟ್ಟುಕೊಳ್ಳುತ್ತೇವೆ.

ಇನ್ನೊಂದು ಮಾತು. ಕೊಡುವುದಕ್ಕಿಂತ ಕಷ್ಟದ ಕೆಲಸವೂ ಇದೆ. ನಮ್ಮ ಕೊರಗ ಕುಟುಂಬಗಳನ್ನೇ ತೆಗೆದುಕೋ. ಅವರನ್ನು ಮನುಷ್ಯರಿಗಿಂತ ಕೀಳಾಗಿ ಕಾಣುವ, ಅಜಲು ಎನ್ನುವ ಆ ಅವಮಾನದ ಪದ್ಧತಿಯನ್ನು ನಿಷೇಧಿಸುವ ಕಾನೂನು ಬಂದದ್ದೇ 2000ದಲ್ಲಿ. ಆಗ ನಾನು ಪಾಠ ಮಾಡುತ್ತಿದ್ದೆ, ದಿನಾ ಪ್ರಾರ್ಥನೆಯನ್ನೂ ಮಾಡುತ್ತಿದ್ದೆ. ನಮ್ಮ ಮನೆಯ ಪ್ರಾರ್ಥನೆಯಲ್ಲಿ ಅವರ ಹೆಸರು ಬಂದದ್ದು ಒಂದು ದಿನವೂ ನೆನಪಿಲ್ಲ. ಹಳೆ ಬಟ್ಟೆ ಕೊಟ್ಟದ್ದು ನೆನಪಿದೆ. ಬಟ್ಟೆ ಕೊಟ್ಟರೆ ನಮ್ಮ ಮನಸ್ಸು ಹಗುರಾಗುತ್ತದೆ. ಅವರ ಹೆಸರಿಗೆ ಜಾಗದ ಹಕ್ಕುಪತ್ರ ಆಗಬೇಕಾದರೆ ಕಚೇರಿಗೆ ಹತ್ತು ಸಲ ನಡೆಯಬೇಕು, ನಾಳೆ ಬನ್ನಿ ಅನ್ನಿಸಿಕೊಳ್ಳಬೇಕು, ಮತ್ತೆ ಹೋಗಬೇಕು. ಉತ್ತರ ಕರ್ನಾಟಕದಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳಿಗೆ ಪುಸ್ತಕ ಕೊಟ್ಟೆಯಲ್ಲ, ಒಳ್ಳೆಯದು. ಅವರ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಇದೆಯೋ ಇಲ್ಲವೋ ಕೇಳಿದೆಯಾ? ಅಪ್ಪನ ಕೆಲಸ ಮುಗಿದು ಶೆಡ್ಡು ಬೇರೆ ಊರಿಗೆ ಹೋದರೆ ಟಿ.ಸಿ. ಯಾರು ಕೊಡಿಸುತ್ತಾರೆ? ಇಂಥ ಕೆಲಸಕ್ಕೆ ಫೋಟೊ ಇಲ್ಲ, ಚಪ್ಪಾಳೆಯೂ ಇಲ್ಲ. ಹತ್ತನೇ ಸಲ ಹೋಗುವಾಗ ನಿನ್ನ ಹತ್ತಿರ ಏನು ಉಳಿದಿರುತ್ತದೆ, ಅದನ್ನು ಈಗಲೇ ಕೂಡಿಟ್ಟುಕೋ.

ಹಾಗಂತ ನನ್ನ ಹಾಗೆ ಐವತ್ಮೂರು ಮಣಿ ಎಣಿಸು ಅನ್ನುವುದಿಲ್ಲ. ಬೆಳಗ್ಗೆ ಹತ್ತು ನಿಮಿಷ ಮೊಬೈಲ್ ಮುಟ್ಟದೆ ಕೂರು. ಅವತ್ತು ಯಾರ ಮನೆಗೆ ಹೋಗುತ್ತೀಯೋ ಅವರ ಹೆಸರು ಹೇಳಿ ಕೂರು. ಬಡವರು ಅನ್ನಬೇಡ, ಹೆಸರು ಹೇಳು. ಹೆಸರು ಗೊತ್ತಿಲ್ಲದಿದ್ದರೆ ಅವತ್ತು ಹೋಗಿ ಮೊದಲು ಹೆಸರು ಕೇಳು. ಆದಿತ್ಯವಾರ ಪೂಜೆಗೆ ಬಾ. ಸುಸ್ತಾಗಿದ್ದರೆ ಸುಸ್ತಾಗಿಯೇ ಬಾ, ಹಿಂದಿನ ಬೆಂಚಿನಲ್ಲಿ ಕೂರು. ಅಲ್ಲಿ ರೊಟ್ಟಿ ಮುರಿಯುವುದನ್ನು ಕಣ್ಣಿಟ್ಟು ನೋಡು. ನೀನು ವಾರವಿಡೀ ಮಾಡಿದ್ದು ಅದನ್ನೇ, ನಿನಗೆ ಗೊತ್ತಾಗಿಲ್ಲ.

ಸೋಮವಾರ ನನಗೆ ನಿನ್ನ ಸ್ಕೂಟರ್ ಬೇಕು. ಆ ಹೆಂಗಸಿನ ಸೊಸೆಗೆ ವಿಧವಾ ಪಿಂಚಣಿ ನಾಲ್ಕು ತಿಂಗಳಿಂದ ನಿಂತಿದೆ, ಹತ್ತು ಗಂಟೆಗೆ ತಾಲೂಕು ಕಚೇರಿಗೆ ಕರೆದುಕೊಂಡು ಹೋಗಬೇಕು. ಪಾಸ್‌ಬುಕ್ಕಿನದೂ ಆಧಾರ್ ಕಾರ್ಡಿನದೂ ಎರಡೆರಡು ಝೆರಾಕ್ಸ್ ಮಾಡಿಸಿಡು. ಅವಳಿಗೆ ಒಂದು ದಿನದ ಕೂಲಿ ಹೋಗುತ್ತದೆ, ತಡ ಮಾಡಬೇಡ. ಆರು ಗಂಟೆಗೇ ನನ್ನ ಮನೆಗೆ ಬಾ. ಮೊದಲು ಹತ್ತು ನಿಮಿಷ ಇಬ್ಬರೂ ಕೂರೋಣ, ಆಮೇಲೆ ಗಂಜಿ ಉಂಡು ಹೊರಡೋಣ.