ಮೊಣಕಾಲುದ್ದ ನೀರಿನಲ್ಲಿ ಹವಳ: ದಹಾಬ್‌ಗೆ ಹೊರಟವರಿಗೆ ಹನ್ನೊಂದು ಸೂತ್ರಗಳು

ಈಜಿಪ್ಟಿನ ಸಿನಾಯ್ ಪರ್ಯಾಯ ದ್ವೀಪದ ಪೂರ್ವ ಅಂಚಿನಲ್ಲಿ ದಹಾಬ್ ಎಂಬ ಊರಿದೆ. ಬೆನ್ನಿಗೆ ಹಸಿರೇ ಕಾಣದ ಬೋಳು ಬೆಟ್ಟ, ಎದುರಿಗೆ ಕೆಂಪು ಸಮುದ್ರದ ಉತ್ತರದ ಚಾಚಾದ ಅಕಾಬಾ ಕೊಲ್ಲಿ, ನೀರಿನಾಚೆ ಸೌದಿ ಅರೇಬಿಯಾದ ಬೆಟ್ಟಸಾಲು. ದಕ್ಷಿಣಕ್ಕೆ ಒಂದೂವರೆ ಗಂಟೆ ದಾರಿಯ ಶರ್ಮ್ ಎಲ್ ಶೇಖ್‌ನಲ್ಲಿರುವಂಥ ದೊಡ್ಡ ರೆಸಾರ್ಟುಗಳ ಸಾಲಾಗಲಿ, ಗದ್ದಲವಾಗಲಿ ಇಲ್ಲಿಲ್ಲ. ದಡದ ಅಂಗಡಿಯಲ್ಲಿ ಚಹಾ ಕುಡಿದು ಲೋಟ ಇಟ್ಟು ಎದ್ದರೆ, ಕೆಲವೇ ಹೆಜ್ಜೆಗೆ ಹವಳದ ದಿಬ್ಬ. ದೋಣಿ ಬೇಡ, ಗಂಟೆಗಟ್ಟಲೆ ಪಯಣ ಬೇಡ. ಸಮುದ್ರ ಇಷ್ಟು ಹತ್ತಿರ ಇರುವುದೇ ಈ ಊರಿನ ಭಾಗ್ಯ. ಜನ ಇಲ್ಲಿ ಎಡವುವುದೂ ಅದರಿಂದಲೇ.

1. ಮೊದಲು ಬೆಟ್ಟ ನೋಡಿ, ಆಮೇಲೆ ನೀರು

ಮರುಭೂಮಿಯಲ್ಲಿ ಹವಳ ಎಲ್ಲಿಂದ ಬಂತು ಎಂದು ಅಚ್ಚರಿಪಡುವವರೇ ಹೆಚ್ಚು. ಮರುಭೂಮಿ ಇರುವುದರಿಂದಲೇ ಬಂತು. ಹವಳದ ಜೀವಿಯ ಮೈಯೊಳಗೆ ಸೂಕ್ಷ್ಮ ಪಾಚಿ ವಾಸವಾಗಿರುತ್ತದೆ; ಆ ಪಾಚಿಗೆ ಬಿಸಿಲು ಬೇಕು, ಬಿಸಿಲು ಇಳಿಯಲು ತಿಳಿನೀರು ಬೇಕು. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಕೆಲವೇ ಸೆಂಟಿಮೀಟರ್. ಸದಾ ಹರಿಯುವ ನದಿ ಒಂದೂ ಇಲ್ಲ, ಹಾಗಾಗಿ ಕೆಸರೂ ಇಲ್ಲ, ಉಪ್ಪನ್ನು ತೆಳುವಾಗಿಸುವ ಸಿಹಿನೀರೂ ಇಲ್ಲ. ನಮ್ಮ ಕರಾವಳಿಯನ್ನು ನೆನೆಯಿರಿ: ಕಾಳಿ, ಶರಾವತಿ, ನೇತ್ರಾವತಿಗಳು ಮಳೆಗಾಲದಲ್ಲಿ ಕೆಂಪು ಮಣ್ಣು ಹೊತ್ತು ಕಡಲಿಗಿಳಿಯುತ್ತವೆ. ಹವಳ ನೋಡಲು ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪದವರೆಗೆ ಹೋಗಬೇಕು, ಅದೂ ಮಳೆಗಾಲ ಬಿಟ್ಟು. ನೇತ್ರಾಣಿಯಲ್ಲಿ ಮುಳುಗಿ ಬಂದವರಿಗೆ ದಹಾಬ್‌ನ ನೀರಿನ ತಿಳಿ ಕಂಡು ಮೊದಲ ಕ್ಷಣ ಆಳದ ಅಂದಾಜೇ ತಪ್ಪುತ್ತದೆ.

ಒಂದು ಎಚ್ಚರಿಕೆ. ಮಳೆ ಅಪರೂಪ, ಆದರೆ ಬಂದರೆ ಒಣ ಕಣಿವೆಗಳಲ್ಲಿ ಏಕಾಏಕಿ ಪ್ರವಾಹ. ಮೋಡ ಕವಿದ ದಿನ ಕಣಿವೆಯಲ್ಲಿ ಡೇರೆ ಹಾಕಬೇಡಿ.

2. ವಸಂತ ಅಥವಾ ಶರತ್ಕಾಲ

ಏಪ್ರಿಲ್-ಮೇ, ಅಕ್ಟೋಬರ್-ನವೆಂಬರ್. ಬೇಸಿಗೆಯಲ್ಲಿ ನೀರು 27-28 ಡಿಗ್ರಿ, ಹಿತ; ದಡದ ಬಿಸಿಲು ಮಾತ್ರ ಸುಡುತ್ತದೆ. ಚಳಿಗಾಲದಲ್ಲಿ ನೀರು 21-22ಕ್ಕೆ ಇಳಿಯುತ್ತದೆ. ಕೇಳಲು ಏನೂ ಅಲ್ಲ ಅನಿಸುತ್ತದೆ. ಒದ್ದೆ ಮೈಗೆ ಉತ್ತರದ ಗಾಳಿ ಬೀಸಿದಾಗ ಗೊತ್ತಾಗುತ್ತದೆ. ಆಗ 5 ಮಿಲಿಮೀಟರಿನ ವೆಟ್‌ಸೂಟ್ ಬಾಡಿಗೆಗೆ ಕೇಳಿ, ನಾಚಿಕೆ ಬೇಡ.

3. ಕಾಗದಪತ್ರದಲ್ಲಿ ಜಾಣತನ ತೋರಿಸಬೇಡಿ

ಸಿನಾಯ್‌ಗೆ ಮಾತ್ರ ಸಲ್ಲುವ 15 ದಿನಗಳ ಉಚಿತ ಮೊಹರಿನ ಬಗ್ಗೆ ಯೂರೋಪಿನವರ ಪ್ರವಾಸ ಬರಹಗಳಲ್ಲಿ ಓದಿರುತ್ತೀರಿ. ಅದನ್ನು ನೆಚ್ಚಿ ಹೊರಡಬೇಡಿ. ದೆಹಲಿಯ ಈಜಿಪ್ಟ್ ರಾಯಭಾರ ಕಚೇರಿ ಇಲ್ಲವೇ ಮುಂಬೈಯ ಕಾನ್ಸುಲೇಟಿನಲ್ಲಿ ವಿಚಾರಿಸಿ, ವೀಸಾ ಮುಗಿಸಿಕೊಂಡೇ ಟಿಕೆಟ್ ಕೊಳ್ಳಿ. ಪ್ರವಾಸ ವಿಮೆಯಲ್ಲಿ ಸ್ಕೂಬಾ ಸೇರಿದೆಯೇ, ಎಷ್ಟು ಆಳದವರೆಗೆ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಓದಿ. ಡ್ರೋನ್ ಮನೆಯಲ್ಲೇ ಇರಲಿ. ಈಜಿಪ್ಟಿಗೆ ಅನುಮತಿ ಇಲ್ಲದೆ ತಂದರೆ ವಿಮಾನ ನಿಲ್ದಾಣದಲ್ಲೇ ಹೋಗುತ್ತದೆ.

ಶರ್ಮ್‌ಗೆ ವಿಮಾನದಲ್ಲಿ ಬಂದು ಅಲ್ಲಿಂದ ಕಾರಿನಲ್ಲಿ ಹೋಗುವುದು ಸುಲಭದ ದಾರಿ. ಕೈರೋದಿಂದ ಬಸ್ಸೂ ಇದೆ: ಸೂಯೆಜ್ ಕಾಲುವೆಯ ಕೆಳಗಿನ ಸುರಂಗ ದಾಟಿ, ಎಂಟು-ಹತ್ತು ಗಂಟೆಯ ಪ್ರಯಾಣ. ನಡುವೆ ತಪಾಸಣಾ ಠಾಣೆಗಳು, ಕೆಲವೊಮ್ಮೆ ನಡುರಾತ್ರಿಯಲ್ಲಿ ಚೀಲ ಇಳಿಸಿ ಬಿಚ್ಚಿ ತೋರಿಸಬೇಕು. ಗೊಣಗುವ ಮುಂಚೆ ನೆನಪಿರಲಿ, 2006ರ ಏಪ್ರಿಲ್ 24ರ ಸಂಜೆ ದಹಾಬ್‌ನ ದಡದ ಬೀದಿಯಲ್ಲೇ ಬಾಂಬ್ ಸಿಡಿದು ಹಲವರು ಸತ್ತಿದ್ದರು. ಪಾಸ್‌ಪೋರ್ಟನ್ನು ಚೀಲದ ತಳಕ್ಕೆ ತುರುಕದೆ ಅಂಗಿಯ ಜೇಬಿನಲ್ಲಿಡಿ. ಹೊರಡುವ ವಾರ ನಮ್ಮ ವಿದೇಶಾಂಗ ಇಲಾಖೆಯ ಸೂಚನೆಗಳನ್ನು ಒಮ್ಮೆ ನೋಡಿ. ಸಿನಾಯ್‌ನ ಉತ್ತರ ಬೇರೆ, ದಕ್ಷಿಣ ಬೇರೆ ಎಂಬುದು ಅಲ್ಲಿ ತಿಳಿಯುತ್ತದೆ.

4. ಯಾವ ಓಣಿಯಲ್ಲಿ ಇಳಿದುಕೊಳ್ಳುತ್ತೀರಿ ಎಂಬುದೇ ಅರ್ಧ ಪ್ರವಾಸ

ದಡದುದ್ದಕ್ಕೂ ಚಾಚಿಕೊಂಡ ಊರು ಇದು. ಮಸ್ಬತ್‌ನಲ್ಲಿ ಅಂಗಡಿ, ದೀಪ, ಸಂಗೀತ. ಅದರ ಉತ್ತರಕ್ಕೆ ಅಸಲಾ: ಮುಜೈನಾ ಬುಡಕಟ್ಟಿನ ಬೆಡೂಯಿನ್ ಕುಟುಂಬಗಳ ಮನೆಗಳು, ಬೀದಿಯಲ್ಲಿ ಮೇಕೆ, ಗೋಡೆಯ ಮೇಲೆ ಬೆಕ್ಕು. ದಕ್ಷಿಣದ ಲಗೂನಾದಲ್ಲಿ ಗಾಳಿಯಾಟದವರ ಹೋಟೆಲುಗಳು. ಮೌನಕ್ಕಾಗಿ ಬಂದವರು ಅಸಲಾದಲ್ಲೇ ಕೋಣೆ ಹಿಡಿಯಿರಿ. ಬೆಳಗಿನ ಅಜಾನ್, ಬೀದಿನಾಯಿ ಎರಡೂ ಆ ಮೌನದ ಲೆಕ್ಕಕ್ಕೇ ಸೇರುತ್ತವೆ.

5. ಗಾಳಿಗಿಂತ ಮುಂಚೆ ಏಳಿ

ಉತ್ತರದ ಗಾಳಿ ಇಲ್ಲಿಯ ಯಜಮಾನ. ಹೊತ್ತೇರಿದಂತೆ ಜೋರಾಗುತ್ತದೆ, ನೀರಿನ ಮೇಲೆ ಬಿಳಿ ನೊರೆ ಏಳುತ್ತದೆ, ಸ್ನಾರ್ಕೆಲ್ ಕೊಳವೆಗೆ ಉಪ್ಪುನೀರು ನುಗ್ಗುತ್ತದೆ. ವಿಂಡ್‌ಸರ್ಫಿಂಗ್‌ನವರು ಕಾಯುವುದು ಇದಕ್ಕೇ. ಮುಖ ಮುಳುಗಿಸಿ ಹವಳ ನೋಡುವವರು ಬೆಳಗ್ಗೆ ಏಳು ಗಂಟೆಗೇ ನೀರಿನಲ್ಲಿರಬೇಕು. ಆಗ ಪ್ರವಾಸಿಗರನ್ನು ಹೊತ್ತು ತರುವ ಜೀಪುಗಳ ಸಾಲೂ ಇರುವುದಿಲ್ಲ.

6. ಬಾಗಿಲಿನಿಂದ ಒಳಗೆ ಹೋಗಿ

ದಡದಿಂದ ದಿಬ್ಬದ ಅಂಚಿನವರೆಗೆ ಮೊಣಕಾಲುದ್ದ ನೀರಿನ ಹಾಸು ಇರುತ್ತದೆ. ಕಲ್ಲು ಅಂತ ಕಾಣುವುದರಲ್ಲಿ ಬಹುಪಾಲು ಜೀವಂತ ಹವಳ. ಗುಂಡುಕಲ್ಲಿನ ಆಕಾರದ ಹವಳ ವರ್ಷಕ್ಕೆ ಒಂದು ಸೆಂಟಿಮೀಟರಿನಷ್ಟು ಬೆಳೆದರೆ ದೊಡ್ಡದು. ಒಂದು ಹೆಜ್ಜೆ ಮುರಿಯುವುದನ್ನು ತುಂಬಿಕೊಳ್ಳಲು ಹತ್ತಾರು ವರ್ಷ ಬೇಕು. ಪ್ರತಿ ತಾಣದಲ್ಲೂ ಜನ ಇಳಿಯುವ ಒಂದು ಮರಳಿನ ಸಂದು ಇರುತ್ತದೆ. ಲೈಟ್‌ಹೌಸ್ ದಿಬ್ಬದಲ್ಲಾಗಲಿ, ಈಲ್ ಗಾರ್ಡನ್‌ನಲ್ಲಾಗಲಿ, ದಡದಲ್ಲಿ ಐದು ನಿಮಿಷ ನಿಂತು ಊರಿನವರು ಎಲ್ಲಿ ಇಳಿಯುತ್ತಾರೆ ನೋಡಿ, ಅಲ್ಲೇ ಇಳಿಯಿರಿ. ದಪ್ಪ ಅಟ್ಟೆಯ ರಬ್ಬರ್ ಬೂಟು ಹಾಕಿಕೊಳ್ಳಿ. ಆಳ ಸೊಂಟಕ್ಕೆ ಬಂದೊಡನೆ ನಡಿಗೆ ನಿಲ್ಲಿಸಿ, ತೇಲಿ.

ಸನ್‌ಸ್ಕ್ರೀನ್ ಬಳಿದುಕೊಂಡು ನೀರಿಗಿಳಿಯುವುದಕ್ಕಿಂತ ತುಂಬುತೋಳಿನ ಈಜುಡುಗೆ ಮೇಲು. ಬೆನ್ನೂ ಉಳಿಯುತ್ತದೆ, ಹವಳವೂ ಉಳಿಯುತ್ತದೆ. ಈ ಹವಳಕ್ಕೆ ಇನ್ನೊಂದು ಹೆಚ್ಚುಗಾರಿಕೆ ಇದೆ. ಉತ್ತರ ಕೆಂಪು ಸಮುದ್ರದ ಹವಳಗಳು ತಮ್ಮ ಬೇಸಿಗೆಯ ಶಾಖಕ್ಕಿಂತ ಹಲವು ಡಿಗ್ರಿ ಹೆಚ್ಚಾದರೂ ತಾಳಬಲ್ಲವು ಎಂದು 2013ರಲ್ಲಿ ಮಾವೋಜ್ ಫೈನ್ ಮತ್ತು ಸಂಗಡಿಗರು ಪ್ರಕಟಿಸಿದ ಸಂಶೋಧನೆ ವಾದಿಸಿತು. ಹಿಮಯುಗದ ನಂತರ ಇವುಗಳ ಪೂರ್ವಜರು ಕೆಂಪು ಸಮುದ್ರದ ದಕ್ಷಿಣದ ಬಿಸಿನೀರನ್ನು ಹಾಯ್ದು ಉತ್ತರಕ್ಕೆ ಬಂದವು, ಸೆಕೆ ತಾಳಿದವು ಮಾತ್ರ ಬದುಕಿ ಉಳಿದವು ಎಂಬುದು ಅವರ ವಿವರಣೆ. ಲೋಕದ ಬೇರೆಡೆ ಹವಳ ಬೆಳ್ಳಗಾಗಿ ಸಾಯುತ್ತಿರುವಾಗ ಇದೊಂದು ಆಸರೆ. ಆದರೆ ಶಾಖ ತಾಳುವ ಹವಳ ಪ್ರವಾಸಿಯ ಕಾಲ್ತುಳಿತವನ್ನೂ ತಾಳುತ್ತದೆ ಎಂದು ಯಾವ ವಿಜ್ಞಾನಿಯೂ ಹೇಳಿಲ್ಲ.

7. ಕೈ ಕಟ್ಟಿಕೊಂಡು ನೋಡಿ

ಚಂದದ್ದನ್ನೆಲ್ಲ ಮುಟ್ಟುವ ಚಟ ಇಲ್ಲಿ ದುಬಾರಿ. ಸಾಸಿವೆ ಬಣ್ಣದ ಬೆಂಕಿ ಹವಳ ತಾಗಿದರೆ ಚರ್ಮ ಉರಿಯುತ್ತದೆ. ಲಯನ್‌ಫಿಶ್ ಗರಿ ಬಿಚ್ಚಿಕೊಂಡು ನಿಧಾನ ತೇಲುವುದು ಸೌಮ್ಯತೆಯಿಂದಲ್ಲ. ಆ ಮುಳ್ಳುಗಳಲ್ಲಿ ವಿಷವಿದೆ. ಸ್ಟೋನ್‌ಫಿಶ್ ಕಲ್ಲಿನಂತೆಯೇ ಬಿದ್ದಿರುತ್ತದೆ, ತುಳಿದ ಮೇಲಷ್ಟೇ ಮೀನೆಂದು ತಿಳಿಯುತ್ತದೆ. ಇಂಥ ಮುಳ್ಳು ಚುಚ್ಚಿದರೆ ಗಾಯವನ್ನು ತಡೆದುಕೊಳ್ಳುವಷ್ಟು ಬಿಸಿಯಾದ ನೀರಿನಲ್ಲಿ ಅದ್ದಿಟ್ಟು, ತಡಮಾಡದೆ ವೈದ್ಯರ ಬಳಿ ಹೋಗಬೇಕು. ಬೇಸಿಗೆಯಲ್ಲಿ ಟೈಟನ್ ಟ್ರಿಗರ್‌ಫಿಶ್ ಮರಳಿನ ಗೂಡು ಕಾಯುತ್ತದೆ. ಗೂಡಿನಿಂದ ಮೇಲಕ್ಕೆ ಹರಡುವ ಶಂಕುವಿನಾಕಾರದ ಜಾಗವೆಲ್ಲ ತನ್ನದೆಂದು ಅದರ ಹಟ, ಬೆನ್ನಟ್ಟಿ ಕಚ್ಚುತ್ತದೆ. ಮೇಲಕ್ಕಲ್ಲ, ಅಡ್ಡಕ್ಕೆ ಈಜಿ ತಪ್ಪಿಸಿಕೊಳ್ಳಿ.

ಈಲ್ ಗಾರ್ಡನ್‌ನ ಹಾವುಮೀನುಗಳು ಮರಳಿನಿಂದ ಅರ್ಧ ಮೈ ಹೊರಚಾಚಿ ಹುಲ್ಲಿನ ಎಸಳುಗಳ ಹಾಗೆ ತೂಗುತ್ತಿರುತ್ತವೆ. ಹತ್ತಿರ ಹೋದಷ್ಟೂ ಒಂದೊಂದಾಗಿ ಒಳಗೆ ಸರಿಯುತ್ತವೆ. ದೂರದಲ್ಲಿ ಅಲುಗಾಡದೆ ನಿಂತವರಿಗೇ ಪೂರ್ತಿ ತೋಟ.

8. ಸ್ಕೂಬಾ ಕಲಿಯುವುದಾದರೆ ಅಗ್ಗದ ಕೇಂದ್ರವಲ್ಲ, ಚಿಕ್ಕ ತಂಡ ಹುಡುಕಿ

ಲೈಟ್‌ಹೌಸ್ ಬಳಿ ಬೀದಿಯುದ್ದಕ್ಕೂ ಡೈವಿಂಗ್ ಕೇಂದ್ರಗಳು. ದರ ಕೇಳುವ ಮುಂಚೆ ಒಬ್ಬ ಶಿಕ್ಷಕರ ಕೈಯಲ್ಲಿ ಎಷ್ಟು ವಿದ್ಯಾರ್ಥಿಗಳು ಎಂದು ಕೇಳಿ. ಒಂದು ದಿನದ ಪರಿಚಯದ ಡೈವ್ 12 ಮೀಟರಿಗೆ ಮುಗಿಯಬೇಕು. ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮುಗಿಸಿದವರಿಗೆ 18 ಮೀಟರ್. ಅದಕ್ಕಿಂತ ಕೆಳಗೆ ಕರೆದೊಯ್ಯುತ್ತೇನೆ ಎನ್ನುವ ಉದಾರಿಗಳನ್ನು ಕೈಮುಗಿದು ಬಿಟ್ಟುಬಿಡಿ. ಬೇರೆ ಕಡೆ ಕಲಿತು ಬಂದವರಿಗೊಂದು ಮಾತು: ಸಾಮಾನ್ಯ ಸಮುದ್ರದ ಒಂದು ಕಿಲೋ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದ್ದರೆ ಇಲ್ಲಿ 40ರ ಆಸುಪಾಸು. ಮೈ ಹೆಚ್ಚು ತೇಲುತ್ತದೆ. ಸೊಂಟಪಟ್ಟಿಗೆ ಒಂದೆರಡು ಕಿಲೋ ತೂಕ ಹೆಚ್ಚು ಬೇಕಾದೀತು, ಇಳಿದಲ್ಲೇ ಪರೀಕ್ಷಿಸಿ.

9. ಬ್ಲೂ ಹೋಲ್‌ನಲ್ಲಿ ಗೋಡೆಯ ಫಲಕಗಳನ್ನು ಓದಿ

ಊರಿನಿಂದ ಉತ್ತರಕ್ಕೆ ಜೀಪಿನಲ್ಲಿ ಹೋದರೆ ದಡಕ್ಕೆ ಅಂಟಿಕೊಂಡೇ ಒಂದು ಕಡುನೀಲಿ ಬಾವಿ, ಆಳ ನೂರು ಮೀಟರಿನ ಆಸುಪಾಸು. ಪಕ್ಕದ ಬಂಡೆಯ ಮೇಲೆ ಇಲ್ಲಿ ಸತ್ತವರ ನೆನಪಿನ ಫಲಕಗಳಿವೆ. ಬಾವಿಯನ್ನು ಹೊರಗಿನ ಸಮುದ್ರಕ್ಕೆ ಸೇರಿಸುವ ಕಮಾನು ಇರುವುದು ಸುಮಾರು 55 ಮೀಟರ್ ಕೆಳಗೆ. ಹವ್ಯಾಸಿ ಡೈವರ್‌ಗಳ ಮಿತಿ 40. ಆ ಆಳದಲ್ಲಿ ಗಾಳಿಯೊಳಗಿನ ಸಾರಜನಕವೇ ತಲೆಗೆ ಅಮಲೇರಿಸುತ್ತದೆ. ನೀರು ತಿಳಿಯಾದ್ದರಿಂದ ಆಚೆ ಬದಿಯ ಬೆಳಕು ಕೈಗೆಟುಕುವಂತೆ ಕಾಣುತ್ತದೆ. ಇಗೋ ಇಲ್ಲೇ ಅಂತ ಹೊರಟವರ ಹೆಸರುಗಳೂ ಆ ಗೋಡೆಯಲ್ಲಿವೆ. ಉಸಿರು ಕಟ್ಟಿ ಮುಳುಗುವವರ ಲೋಕದಲ್ಲಿ ಹೆಸರಾಗಿದ್ದ ಐರಿಷ್ ರಕ್ಷಕ ಡೈವರ್ ಸ್ಟೀಫನ್ ಕೀನನ್ 2017ರಲ್ಲಿ ಇದೇ ಕಮಾನಿನ ಬಳಿ ಇಟಲಿಯ ಅಲೆಸ್ಸಿಯಾ ಝೆಕ್ಕೀನಿಯನ್ನು ಕಾಪಾಡಿ ಮೇಲಕ್ಕೆ ತಂದು, ತಾವು ಪ್ರಾಣ ಬಿಟ್ಟರು. 2023ರ ಸಾಕ್ಷ್ಯಚಿತ್ರ ‘ದಿ ಡೀಪೆಸ್ಟ್ ಬ್ರೆತ್’ ಅವರಿಬ್ಬರ ಕಥೆಯೇ.

ಇದೆಲ್ಲ ಹೆದರಿಸಲಿಕ್ಕಲ್ಲ. ಬಾವಿಯ ಮೇಲ್ಭಾಗದಲ್ಲಿ ತೇಲುವವರಿಗೆ ಇದು ಕೊಲ್ಲಿಯ ಅತಿ ಸೊಗಸಾದ ಜಾಗಗಳಲ್ಲೊಂದು. ಕೊಂಚ ಉತ್ತರದ ಬೆಲ್ಸ್ ಎಂಬ ಬಿರುಕಿನಲ್ಲಿ ಮಾರ್ಗದರ್ಶಿಯೊಡನೆ ಇಳಿದು, ಹವಳದ ಗೋಡೆಯ ಗುಂಟ ದಕ್ಷಿಣಕ್ಕೆ ತೇಲಿ, ಆಳವಿಲ್ಲದ ಅಂಚನ್ನು ದಾಟಿ ಬಾವಿಯೊಳಗೆ ಬನ್ನಿ. ಗೋಡೆಯ ಪಕ್ಕದಲ್ಲಿ ಕಿತ್ತಳೆ ಬಣ್ಣದ ಆಂಥಿಯಾಸ್ ಮೀನುಗಳ ಹಿಂಡು, ಕೆಳಗೆ ನೀಲಿ ಬಿಟ್ಟರೆ ಏನೂ ಇಲ್ಲ. ಈಜು ಬಲ್ಲವರೂ ಲೈಫ್‌ಜಾಕೆಟ್ ತೊಡುವುದರಲ್ಲಿ ಅವಮಾನವಿಲ್ಲ.

10. ಚಹಾಕ್ಕೆ ಹೊತ್ತು ಕೊಡಿ

ಬ್ಲೂ ಹೋಲ್‌ನ ಆಚೆ ರಸ್ತೆ ಮುಗಿಯುತ್ತದೆ. ಮುಂದೆ ರಾಸ್ ಅಬು ಗಲುಮ್, 1992ರಿಂದ ರಕ್ಷಿತ ಪ್ರದೇಶ. ನಡೆದೋ ಒಂಟೆಯ ಮೇಲೋ ದೋಣಿಯಲ್ಲೋ ಹೋಗಬೇಕು. ಅಲ್ಲಿನ ಬೆಡೂಯಿನ್ ಗುಡಿಸಲುಗಳಲ್ಲಿ ರಾತ್ರಿ ತಂಗಬಹುದು. ದರ ಮೊದಲೇ ಮಾತಾಡಿಕೊಳ್ಳಿ, ಆಮೇಲೆ ಚೌಕಾಶಿ ಬೇಡ. ಹಬಕ್ ಸೊಪ್ಪು ಹಾಕಿ ಕುದಿಸಿದ ಸಕ್ಕರೆಚಹಾ ಬರುತ್ತದೆ. ಮೊದಲ ಲೋಟಕ್ಕೇ ಎದ್ದು ಹೊರಟರೆ ಚೆನ್ನಾಗಿರುವುದಿಲ್ಲ. ಹೆಂಗಸರ ಫೋಟೋ ಕೇಳದೆ ತೆಗೆಯಬಾರದು. ಈಜುಡುಗೆ ನೀರಿನ ಬಳಿಗಷ್ಟೆ. ಅಸಲಾದ ಓಣಿಗೆ ಭುಜ, ಮೊಣಕಾಲು ಮುಚ್ಚುವ ಬಟ್ಟೆ. ನೀವು ತಂದ ಪ್ಲಾಸ್ಟಿಕ್ ನಿಮ್ಮ ಜತೆಯಲ್ಲೇ ವಾಪಸು ಬರಲಿ. ಹವಳದ ತುಂಡು, ಚಿಪ್ಪು ಬರಬಾರದು, ಅದು ಅಪರಾಧ.

11. ಬೆಟ್ಟ ಮೊದಲು, ಕಡಲು ಆಮೇಲೆ, ಕೊನೆಯ ದಿನ ಒಣ ದಿನ

ದಹಾಬ್‌ನಿಂದ ಸುಮಾರು ಎರಡು ಗಂಟೆಯ ದಾರಿಯಲ್ಲಿ ಸೇಂಟ್ ಕ್ಯಾಥರೀನ್ ಮಠವಿದೆ. ಆರನೆಯ ಶತಮಾನದಲ್ಲಿ ಚಕ್ರವರ್ತಿ ಜಸ್ಟೀನಿಯನ್ ಕಟ್ಟಿಸಿದ್ದು, 2002ರಿಂದ ವಿಶ್ವ ಪರಂಪರೆಯ ತಾಣ. ಅದರ ಮೇಲೆ 2,285 ಮೀಟರ್ ಎತ್ತರದ ಜೆಬೆಲ್ ಮೂಸಾ. ರಾತ್ರಿಯಲ್ಲಿ ಹತ್ತಿ ಸೂರ್ಯೋದಯ ನೋಡುವುದು ರೂಢಿ. ತಪ್ಪಾಗುವುದು ಇಲ್ಲೇ: ಹಗಲೆಲ್ಲ ಡೈವ್ ಮಾಡಿ ರಾತ್ರಿ ಬೆಟ್ಟದ ವ್ಯಾನು ಹತ್ತುವವರಿದ್ದಾರೆ. ಆಳದಲ್ಲಿ ರಕ್ತಕ್ಕೆ ಸೇರಿದ ಸಾರಜನಕ, ಎತ್ತರದ ಕಡಿಮೆ ಒತ್ತಡದಲ್ಲಿ ಗುಳ್ಳೆಯಾಗಿ ಕೀಲು, ನರಗಳನ್ನು ಹಿಂಡುತ್ತದೆ. ವಿಮಾನಕ್ಕೂ ಇದೇ ಲೆಕ್ಕ. ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಆಗಿದ್ದರೆ 18 ಗಂಟೆ ಬಿಡಬೇಕು. ಒಂದು ಇಡೀ ದಿನ ಬಿಟ್ಟರೆ ಚಿಂತೆಯೇ ಇಲ್ಲ. ಆದ್ದರಿಂದ ಬಂದ ಹೊಸತರಲ್ಲೇ ಬೆಟ್ಟ ಮುಗಿಸಿ. ಚಳಿಗಾಲದಲ್ಲಿ ತುದಿಯಲ್ಲಿ ನೀರು ಹೆಪ್ಪುಗಟ್ಟುವ ಚಳಿ, ಸ್ವೆಟರ್ ಇರಲಿ. ಮಠ ಶುಕ್ರವಾರ, ಭಾನುವಾರ ಸಾಮಾನ್ಯವಾಗಿ ಮುಚ್ಚಿರುತ್ತದೆ, ಉಳಿದ ದಿನಗಳಲ್ಲೂ ಬೆಳಗಿನ ಹೊತ್ತು ಮಾತ್ರ.

ಆ ಒಣ ದಿನ ತಿನ್ನುವುದಕ್ಕಿರಲಿ. ಸಸ್ಯಾಹಾರಿಗಳು ಇಲ್ಲಿ ಉಪವಾಸ ಬೀಳುವುದಿಲ್ಲ. ಬೆಳಗ್ಗೆ ಫೂಲ್: ಫಾವಾ ಎಂಬ ದಪ್ಪ ಕಾಳನ್ನು ಬೇಯಿಸಿ ಮಸೆದು ಜೀರಿಗೆ, ನಿಂಬೆರಸ, ಎಣ್ಣೆ ಹಾಕಿದ್ದು. ಅದೇ ಕಾಳಿನ ವಡೆ ತಾಮಿಯಾ. ಮಧ್ಯಾಹ್ನಕ್ಕೆ ಕೊಶರಿ: ಅನ್ನ, ಮಸೂರ, ಮ್ಯಾಕರೋನಿ, ಮೇಲೆ ಟೊಮೆಟೊ ಸಾರು, ಕರಿದ ಈರುಳ್ಳಿ. ಖಾರದ ಬಾಟಲಿ ಮೇಜಿನ ಮೇಲಿರುತ್ತದೆ, ಕೇಳಿದರೆ ಇನ್ನೊಂದೂ ಕೊಡುತ್ತಾರೆ. ನಲ್ಲಿಯ ನೀರು ಮಾತ್ರ ಕುಡಿಯಬೇಡಿ.