ಮುಂದಿನ ವರ್ಷದ ಪಾವತಿ ಪುಸ್ತಕ ಯಾರ ಕೈಗೆ?

ಹುಬ್ಬಳ್ಳಿ–ಧಾರವಾಡದ ಓಣಿ ಓಣಿಯ ಗಜಾನನ ಯುವಕ ಮಂಡಳಿಗಳ ಗೆಳೆಯರೇ, ಗಣಪತಿ ಕಳಿಸಿದ ವಾರದೊಳಗೇ ಮುಂದಿನ ಅಧ್ಯಕ್ಷ ಯಾರೆಂದು ಮಾತಾಡಿ. ಎಲ್ಲ ಬಲ್ಲ ಒಬ್ಬ ಅಣ್ಣ ನೌಕರಿ ಸಿಕ್ಕು ಬೆಂಗಳೂರಿಗೋ ಪುಣೆಗೋ ಹೋದನೆಂದರೆ ಪೊಲೀಸ್ ಪರವಾನಗಿ, ಹೆಸ್ಕಾಂನ ತಾತ್ಕಾಲಿಕ ಸಂಪರ್ಕ, ಪೆಂಡಾಲಿನವರ ಬಾಕಿ ಎಲ್ಲವೂ ಅವನ ಫೋನಿನಲ್ಲೇ ಉಳಿದುಬಿಡುತ್ತವೆ.

ಈ ಸಲವೇ ಕಿರಿಯನೊಬ್ಬನನ್ನು ಠಾಣೆಗೂ ಹೆಸ್ಕಾಂ ಕಚೇರಿಗೂ ಜೊತೆಗೆ ಕರೆದೊಯ್ಯಿರಿ. ಅರ್ಜಿ ಅವನೇ ಬರೆಯಲಿ. ಚಂದಾ ಪಾವತಿಯ ಸ್ಥಳಪ್ರತಿಗಳನ್ನು ಅವನೇ ಕೂಡಿಸಿ ಲೆಕ್ಕ ಒಪ್ಪಿಸಲಿ, ತಪ್ಪಿದರೆ ತಿದ್ದಲು ನೀವಿದ್ದೀರಲ್ಲ. ವಹಿಸಿಕೊಟ್ಟ ಮೇಲೆ ಹಿಂದಿನಿಂದ ಹುಕುಂ ಮಾಡಬೇಡಿ. ಹಿರಿಯರಿಗೆ ಇದೇ ಎಲ್ಲಕ್ಕಿಂತ ಕಷ್ಟ. ನೋಂದಾಯಿತ ಸಂಘವಾದರೆ ಠರಾವು ಮಾಡಿ ಬ್ಯಾಂಕಿನಲ್ಲಿ ಸಹಿ ಬದಲಿಸಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂತೆ ಆಡಳಿತ ಮಂಡಳಿಯ ಪಟ್ಟಿಯನ್ನು ವರ್ಷಂಪ್ರತಿ ನೋಂದಣಾಧಿಕಾರಿಗೆ ಕೊಡಲೇಬೇಕು.