ಕೆಲಸವೇ ಆಟವಾದಾಗ: ಕಂಬಳದ ನಿಶಾನೆ ಕಲಿಸುವ ಪಾಠ

ಪುಣೆಯ ಹೋಟೆಲು ಬಂಧುಗಳಲ್ಲಿ ಅನೇಕರು ತುಳುನಾಡಿನವರು, ಊರ ಕಂಬಳ ನೋಡಿಯೇ ಬೆಳೆದವರು. ಅದೇ ಕಂಬಳದಲ್ಲಿ ನಮ್ಮ ಅಡುಗೆಮನೆಗೂ ಒಂದು ಪಾಠವಿದೆ.

ಹಲಗೆ ಎಂಬುದು ಮೂಲತಃ ಗದ್ದೆಯ ಕೆಸರನ್ನು ಸಮ ಮಾಡುವ ಸಾಧನ. ಮೈಮುರಿಯುವ ಆ ಕೆಲಸವನ್ನೇ ಹಿರಿಯರು ಆಟವಾಗಿಸಿದರು. ಕನೆಹಲಗೆ ವಿಭಾಗವನ್ನು ನೆನಪಿಸಿಕೊಳ್ಳಿ. ಅಲ್ಲಿ ಇನ್ನೊಂದು ಜೊತೆಯನ್ನು ಹಿಂದಿಕ್ಕುವುದು ಮುಖ್ಯವಲ್ಲ. ಹಲಗೆಯ ತೂತಿನಿಂದ ಚಿಮ್ಮಿದ ನೀರು 6.5 ಅಥವಾ 7.5 ಕೋಲು ಎತ್ತರದ ನಿಶಾನೆಗೆ ತಾಗಬೇಕು. ಗುರಿ ಎಲ್ಲರಿಗೂ ಕಾಣುತ್ತದೆ. ಫಲ ಆ ಕ್ಷಣವೇ ತಿಳಿಯುತ್ತದೆ. ಒಬ್ಬರು ಗೆದ್ದರೆ ಮತ್ತೊಬ್ಬರು ಸೋಲಲೇಬೇಕೆಂದಿಲ್ಲ.

ಇದನ್ನು ಮರೆತು ನಾವೂ ಒಮ್ಮೆ ಎಡವಿದ್ದೇವೆ. ಭಾನುವಾರ ಬೆಳಗಿನ ರಶ್ಶಿನಲ್ಲಿ ಯಾರು ಹೆಚ್ಚು ಟೇಬಲ್ ನೋಡುತ್ತಾರೋ ಅವರಿಗೆ ಬಹುಮಾನವೆಂದು ಸಾರಿದೆವು. ಎರಡೇ ವಾರದಲ್ಲಿ ಹುಡುಗರ ನಡುವೆ ಜಗಳ ಹತ್ತಿತು. ಓಡುವ ಭರದಲ್ಲಿ ಒಬ್ಬನ ಕೈಮೇಲೆ ಬಿಸಿ ಸಾಂಬಾರು ಚೆಲ್ಲಿತು. ಊರಿಗೆ ಹೋದ ಆ ಹುಡುಗ ಮರಳಿ ಬರಲಿಲ್ಲ. ತಪ್ಪು ಹುಡುಗರದಲ್ಲ, ಅಂಥ ಆಟ ಕಟ್ಟಿದ ನಮ್ಮದು.

ಆಮೇಲೆ ಆಟವನ್ನು ಬದಲಿಸಿದೆವು. ರಾತ್ರಿ ಉಳಿದು ಚೆಲ್ಲುವ ಹಿಟ್ಟು, ಚಟ್ನಿ, ಪಲ್ಯವನ್ನು ತೂಗಿ ಕರಿಹಲಗೆಯ ಮೇಲೆ ಬರೆಯತೊಡಗಿದೆವು. ಪೈಪೋಟಿ ನಿನ್ನೆಯ ಅಂಕಿಯ ಜೊತೆ ಮಾತ್ರ. ವಾರದ ಗುರಿ ಮುಟ್ಟಿದರೆ ಭಟ್ಟರಿಂದ ಕ್ಲೀನರ್‌ವರೆಗೆ ಎಲ್ಲರಿಗೂ ಸಮಪಾಲು. ಚಟ್ನಿಯನ್ನು ಒಮ್ಮೆಗೇ ರುಬ್ಬದೆ ಎರಡು ಸಲ ರುಬ್ಬೋಣವೆಂದು ಹುಡುಗರೇ ಸೂಚಿಸಿದರು!

ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜಾಕ್ ಸ್ಟ್ಯಾಕ್ ಮತ್ತು ಸಂಗಡಿಗರು 1983ರಲ್ಲಿ ಭಾರಿ ಸಾಲ ಮಾಡಿ ಎಂಜಿನ್ ದುರಸ್ತಿ ಕಾರ್ಖಾನೆಯೊಂದನ್ನು ಕೊಂಡರು. ಕಂಪನಿಯ ಲೆಕ್ಕವನ್ನು ಆಟದ ಸ್ಕೋರಿನಂತೆ ಕಾರ್ಮಿಕರ ಮುಂದಿಟ್ಟು, ಅದನ್ನು ಓದಲು ಕಲಿಸಿ, ಗಳಿಕೆಯಲ್ಲಿ ಪಾಲು ಕೊಟ್ಟು ಕಾರ್ಖಾನೆಯನ್ನು ಉಳಿಸಿಕೊಂಡರು. ಲೆಕ್ಕ ಮುಚ್ಚಿಟ್ಟರೆ ಆಟವಿಲ್ಲ ಎಂಬುದೇ ಅದರ ಸಾರ.

ಆಟ ಕಟ್ಟುವಾಗ ಗಮನಿಸಬೇಕಾದವು:

1. ಒಂದು ಸಲಕ್ಕೆ ಒಂದೇ ಗುರಿ. ಅದು ಎಲ್ಲರ ಕಣ್ಣಿಗೆ ಬೀಳುವಂತಿರಲಿ.
2. ಬೆಂಕಿ, ಎಣ್ಣೆ, ಚಾಕು ಇರುವಲ್ಲಿ ವೇಗದ ಪಂದ್ಯ ಬೇಡವೇ ಬೇಡ. ಗಣೇಶೋತ್ಸವದ ರಾತ್ರಿಗಳಂಥ ನೂಕುನುಗ್ಗಲಿನಲ್ಲಂತೂ ಯಾವ ಆಟವೂ ಬೇಡ.
3. ಸೋತರೆ ಸಂಬಳ ಕಡಿತ ಸಲ್ಲದು. ಅದು ಆಟವಲ್ಲ, ದಂಡ.
4. ತಿಂಗಳಿಗೊಮ್ಮೆ ಗುರಿ ಬದಲಿಸಿ. ಹಳತಾದ ಆಟ ಮತ್ತೆ ಕೆಲಸವೇ ಆಗುತ್ತದೆ.

ಮಾಲೀಕರಾದ ನಮಗೂ ಒಂದು ಆಟವಿರಲಿ. ಗಲ್ಲಾ ಮುಚ್ಚುವ ಮುನ್ನ ಅಂದಿನ ಲೆಕ್ಕ ಬರೆದು, ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕೋಣ. ಗುರುತಿನ ಸಾಲು ತುಂಡಾಗದಂತೆ ಎಷ್ಟು ದಿನ ನಡೆಸುತ್ತೇವೆ, ನೋಡೋಣ. ಮಾಲೀಕ ಆಡದ ಆಟವನ್ನು ಹುಡುಗರೂ ಆಡಲಾರರು.